ಲಿವರ್‌ಪೂಲಿನ ಮರದ ಹಡಗುಗಳು

ಇಂಗ್ಲೆಂಡಿನ ವಾಯವ್ಯ ತೀರದಲ್ಲಿ, ಮರ್ಸಿ ನದಿಯು ಐರಿಷ್ ಸಮುದ್ರವನ್ನು ಸೇರುವೆಡೆಯಲ್ಲಿ, ಲಿವರ್‌ಪೂಲ್ ನಗರವಿದೆ. ನದಿಯ ಮೇಲಿನಿಂದ ಊರನ್ನು ನೋಡುವ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ೧೯೧೧ರಲ್ಲಿ ತೆರೆದ ರಾಯಲ್ ಲಿವರ್ ಕಟ್ಟಡ. ಅದರ ಎರಡು ಗಡಿಯಾರ ಗೋಪುರಗಳ ನೆತ್ತಿಯ ಮೇಲೆ ಎರಡು ತಾಮ್ರದ ಹಕ್ಕಿಗಳು ರೆಕ್ಕೆಯೆತ್ತಿ ನಿಂತಿವೆ. ಹತ್ತಿ, ಸಕ್ಕರೆ, ತಂಬಾಕುಗಳನ್ನು ಸಾಗಿಸಿ, ಒಂದು ಕಾಲದಲ್ಲಿ ಮನುಷ್ಯರನ್ನೇ ಸರಕಿನಂತೆ ಸಾಗಿಸಿ, ಸಿರಿವಂತವಾದ ಊರು ಇದು. ಇದರ ಏಳುಬೀಳುಗಳೆಲ್ಲ ಕಡಲಿನೊಡನೆ ಹೆಣೆದುಕೊಂಡಿವೆ.

ದಡದಿಂದ ಸ್ವಲ್ಪ ದೂರ ಒಳಗೆ ನಡೆದರೆ ಪುರಭವನದ ಬೆನ್ನಿಗೆ ಕಲ್ಲುಹಾಸಿನ ವಿಶಾಲವಾದ ಅಂಗಳವೊಂದು ಸಿಗುತ್ತದೆ. ಎಕ್ಸ್‌ಚೇಂಜ್ ಫ್ಲ್ಯಾಗ್ಸ್ ಎಂದು ಅದರ ಹೆಸರು. ಹಿಂದೆ ವರ್ತಕರು ಈ ಹಾಸುಗಲ್ಲುಗಳ ಮೇಲೆಯೇ ನಿಂತು ವ್ಯಾಪಾರ ಕುದುರಿಸುತ್ತಿದ್ದರಂತೆ. ಅಂಗಳದ ನಡುವೆ ೧೮೧೩ರಲ್ಲಿ ಸ್ಥಾಪಿತವಾದ ನೆಲ್ಸನ್ನನ ಸ್ಮಾರಕ. ಅದರ ಪೀಠದ ಸುತ್ತ ಸಂಕೋಲೆ ತೊಟ್ಟು ತಲೆ ತಗ್ಗಿಸಿ ಕುಳಿತ ನಾಲ್ವರು ಸೆರೆಯಾಳುಗಳ ಮೂರ್ತಿಗಳು. ಅಂಗಳದ ಬದಿಯ ದೊಡ್ಡ ಕಚೇರಿ ಕಟ್ಟಡಗಳ ಸಾಲಿನಲ್ಲಿ ಡರ್ಬಿ ಹೌಸ್ ಇದೆ. ಗುಮಾಸ್ತರು ಲೆಕ್ಕ ಬರೆಯುವ ಯಾವುದೋ ಸಾಧಾರಣ ಕಚೇರಿ ಎಂದುಕೊಂಡು ಯಾರೂ ಅದನ್ನು ದಾಟಿ ಹೋಗಬಹುದು. ಆದರೆ ಎರಡನೆಯ ಮಹಾಯುದ್ಧದ ಅತಿ ದೀರ್ಘವಾದ ಕಾಳಗದ ಸೂತ್ರಗಳು ಇದ್ದದ್ದು ಈ ಕಟ್ಟಡದಲ್ಲಿ.

ಅಟ್ಲಾಂಟಿಕ್ ಕಾಳಗವೆಂದು ಹೆಸರಾದ ಆ ಹೋರಾಟ ೧೯೩೯ರ ಸೆಪ್ಟೆಂಬರಿನಿಂದ ೧೯೪೫ರ ಮೇ ತಿಂಗಳವರೆಗೆ ನಡೆಯಿತು. ಬ್ರಿಟನ್ನಿನ ಜನ ಉಣ್ಣುವ ಗೋಧಿ, ಉರಿಸುವ ಎಣ್ಣೆ, ಕಾರ್ಖಾನೆಗಳಿಗೆ ಬೇಕಾದ ಅದಿರು, ಇವುಗಳ ಬಹುಭಾಗ ಸಮುದ್ರ ದಾಟಿ ಬರಬೇಕಾಗಿತ್ತು. ಯು-ಬೋಟ್ ಎಂದು ಕರೆಯಲಾಗುತ್ತಿದ್ದ ಜರ್ಮನಿಯ ಜಲಾಂತರ್ಗಾಮಿಗಳು ದಾರಿಯಲ್ಲಿ ಹೊಂಚು ಹಾಕುತ್ತಿದ್ದವು. ಸರಕು ಹಡಗುಗಳು ಹಲವು ಸಾಲುಗಳಲ್ಲಿ ಗುಂಪು ಕಟ್ಟಿ ಹೊರಡುತ್ತಿದ್ದವು. ಸುತ್ತಲೂ ಕೆಲವೇ ಬೆಂಗಾವಲು ನೌಕೆಗಳು ಕಾವಲಿರುತ್ತಿದ್ದವು. ಆದರೂ ರಾತ್ರಿಯ ಕತ್ತಲಲ್ಲಿ ಒಂದರ ಹಿಂದೊಂದು ಹಡಗು ಮುಳುಗುತ್ತಿತ್ತು. ಆ ಹಡಗುಗಳಲ್ಲಿ ಭಾರತೀಯರೂ ಸಾವಿರ ಸಾವಿರ ಮಂದಿ ಇದ್ದರು. ಬಾಯ್ಲರಿನ ಬೆಂಕಿಗೆ ಕಲ್ಲಿದ್ದಲು ತುಂಬುತ್ತ, ಅಡುಗೆ ಮಾಡುತ್ತ, ಹಗ್ಗ ಎಳೆಯುತ್ತ ದುಡಿಯುತ್ತಿದ್ದ ಅವರನ್ನು ಲಸ್ಕರರೆಂದು ಕರೆಯುತ್ತಿದ್ದರು. ಯುದ್ಧ ಮುಗಿಯುವ ವೇಳೆಗೆ ಅವರಲ್ಲಿ ೬,೦೦೦ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಈ ಹಡಗುದಾರಿಗಳ ರಕ್ಷಣೆಯ ಮುಖ್ಯ ಕಚೇರಿ ಮೊದಲು ಪ್ಲಿಮತ್ ಬಂದರಿನಲ್ಲಿತ್ತು. ೧೯೪೧ರ ಫೆಬ್ರವರಿಯಲ್ಲಿ ಅದು ಡರ್ಬಿ ಹೌಸಿಗೆ ಬಂದಿತು. ಕಟ್ಟಡದ ನೆಲಮಾಳಿಗೆಗೆ ಏಳು ಅಡಿ ದಪ್ಪದ ಕಾಂಕ್ರೀಟು ಛಾವಣಿ ಹಾಕಿ ಅದನ್ನು ಕೋಟೆಯಂತೆ ಭದ್ರಪಡಿಸಲಾಗಿತ್ತು. ಬಾಂಬಿನ ಮಳೆಯಲ್ಲಿ ಊರು ಉರಿದ ದಿನಗಳಲ್ಲಿಯೂ ಒಳಗೆ ಕೆಲಸ ನಿಲ್ಲಲಿಲ್ಲ. ೧೯೯೩ರಿಂದ ಸಂಗ್ರಹಾಲಯವಾಗಿರುವ ಈ ನೆಲಮಾಳಿಗೆಯಲ್ಲಿ ಪ್ರವಾಸಿಯು ಗೋಡೆಯ ಎತ್ತರಕ್ಕೂ ಹರಡಿದ ಅಟ್ಲಾಂಟಿಕ್ ಸಾಗರದ ನಕ್ಷೆಯನ್ನು ಕಾಣಬಹುದು. ಹಡಗುಗಳು ಎಲ್ಲಿವೆಯೆಂದು ಗುರುತು ಹಚ್ಚಲು ಹುಡುಗಿಯರು ಏಣಿ ಹತ್ತಿ ಇಳಿಯುತ್ತಿದ್ದ ಕೋಣೆ ಅದು.

ನೆಲಮಾಳಿಗೆಯ ನಕ್ಷೆ ಅಂದು ಏನಾಗುತ್ತಿದೆ ಎಂಬುದನ್ನು ಮಾತ್ರ ತೋರಿಸಬಲ್ಲದಾಗಿತ್ತು. ಅದು ಏಕೆ ಹಾಗಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಅಲ್ಲಿ ಬಳಕೆಯಾದ ಸಾಧನಗಳು ಸೀಮೆಸುಣ್ಣ, ಅಳತೆಯ ದಾರ, ಕ್ಯಾನ್ವಾಸ್ ಪರದೆ ಮತ್ತು ಮರದಲ್ಲಿ ಮಾಡಿದ ಕೆಲವು ಪುಟ್ಟ ಹಡಗುಗಳು.

೧೯೪೨ರ ಜನವರಿಯಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ ಲಿವರ್‌ಪೂಲಿಗೆ ಬಂದನು. ಯುದ್ಧಕ್ಕೆ ಮುಂಚೆ ಪೋರ್ಟ್ಸ್‌ಮತ್‌ನ ಯುದ್ಧತಂತ್ರ ಶಾಲೆಯಲ್ಲಿ ಕೆಲಸ ಮಾಡಿ, ನೌಕಾಯುದ್ಧವನ್ನು ಆಟದ ರೂಪದಲ್ಲಿ ಅಭ್ಯಾಸ ಮಾಡುವ ಕ್ರಮವನ್ನು ಬಲ್ಲವನಾಗಿದ್ದನು. ಕ್ಷಯರೋಗ ತಗುಲಿದ್ದರಿಂದ ೧೯೩೮ರಲ್ಲಿ ನೌಕಾಪಡೆ ಅವನನ್ನು ಮನೆಗೆ ಕಳುಹಿಸಿತ್ತು. ಹಡಗು ಹತ್ತಲಾರದ ಈ ಮನುಷ್ಯನಿಗೆ ಸಹಾಯಕ್ಕಾಗಿ ದೊರೆತವರಲ್ಲಿ ಹೆಚ್ಚಿನವರು ಮಹಿಳಾ ನೌಕಾ ಸೇವೆಯ ತರುಣಿಯರು. ಅವರನ್ನು ಜನ ‘ರೆನ್’ ಎಂದು ಕರೆಯುತ್ತಿದ್ದರು. ರೆನ್ ಎಂದರೆ ಇಂಗ್ಲೆಂಡಿನ ಒಂದು ಪುಟ್ಟ ಹಕ್ಕಿ. ಇಪ್ಪತ್ತರ ಆಸುಪಾಸಿನ ಆ ಹೆಣ್ಣುಮಕ್ಕಳಲ್ಲಿ ಬಹುಮಂದಿ ನಡುಗಡಲನ್ನು ಕಂಡವರೇ ಅಲ್ಲ.

ಕೋಣೆಯ ನೆಲವೇ ಅವರ ಸಮುದ್ರ. ಕಂದು ಬಣ್ಣದ ಆ ನೆಲದ ಮೇಲೆ ಹತ್ತು ಅಂಗುಲಕ್ಕೊಂದರಂತೆ ಗೆರೆಗಳು. ಗೆರೆಯಿಂದ ಗೆರೆಗೆ ಒಂದು ನಾವಿಕ ಮೈಲಿ. ಈ ಚೌಕಗಳ ಮೇಲೆ ಸರಕು ಹಡಗುಗಳ ಸಾಲು, ಸುತ್ತ ಬೆಂಗಾವಲಿನ ನೌಕೆಗಳು, ಎಲ್ಲೋ ಒಂದು ಕಡೆ ಯು-ಬೋಟ್. ಪಾಠಕ್ಕೆ ಬಂದ ಅಧಿಕಾರಿಗಳು ಕ್ಯಾನ್ವಾಸ್ ಪರದೆಗಳ ಹಿಂದೆ ನಿಂತು, ಸಣ್ಣ ಕಂಡಿಯಿಂದ ಮಾತ್ರ ನೆಲವನ್ನು ನೋಡಬೇಕು. ಕತ್ತಲ ರಾತ್ರಿಯಲ್ಲಿ ಹಡಗಿನ ಮೇಲಿನಿಂದ ಕಾಣುವಷ್ಟೇ ಅವರಿಗೂ ಕಾಣಬೇಕೆಂಬುದು ನಿಯಮ. ಬೆಂಗಾವಲು ನೌಕೆಯ ದಾರಿಯನ್ನು ಬಿಳಿಯ ಸೀಮೆಸುಣ್ಣದಲ್ಲಿ ಗುರುತಿಸುತ್ತಿದ್ದರು. ಯು-ಬೋಟಿನ ದಾರಿಗೆ ಹಸುರು ಬಣ್ಣ; ಪರದೆಯ ಹಿಂದಿನ ಕಣ್ಣುಗಳಿಗೆ ಅದು ಕಾಣುತ್ತಿರಲಿಲ್ಲ. ಎರಡೆರಡು ನಿಮಿಷಕ್ಕೆ ಒಂದು ನಡೆ. ಅಷ್ಟರೊಳಗೆ ಅಧಿಕಾರಿಯು ತನ್ನ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ತರುಣಿಯರು ಮಂಡಿಯೂರಿ ಹಡಗುಗಳನ್ನು ಸರಿಸುತ್ತಿದ್ದರು.

ಇಲ್ಲಿ ಹಡಗಿನ ಮಾದರಿ ಮಾಡುವವನಿಗೆ ಎದುರಾಗುವ ಒಂದು ಸ್ವಾರಸ್ಯದ ತೊಡಕಿದೆ. ಹತ್ತು ಅಂಗುಲಕ್ಕೆ ಒಂದು ನಾವಿಕ ಮೈಲಿಯೆಂದರೆ ನಿಜವಾದ ಸಮುದ್ರದ ಏಳು ಸಾವಿರದಲ್ಲೊಂದು ಪಾಲಿಗಿಂತ ಕಡಮೆ. ಅಟ್ಲಾಂಟಿಕ್‌ನಲ್ಲಿ ಕಾವಲು ಕಾಯುತ್ತಿದ್ದ ಕಾರ್ವೆಟ್ ಎಂಬ ಪುಟ್ಟ ಸಮರನೌಕೆಯ ಉದ್ದ ೨೦೫ ಅಡಿ. ಅದನ್ನು ಇದೇ ಪ್ರಮಾಣದಲ್ಲಿ ಕೆತ್ತಿದರೆ ಒಂದು ಭತ್ತದ ಕಾಳಿನಷ್ಟಾಗುತ್ತದೆ! ಅದನ್ನು ದೂರದಿಂದ ನೋಡುವುದೂ ಕಷ್ಟ, ಬೆರಳಿನಿಂದ ಹಿಡಿಯುವುದೂ ಕಷ್ಟ. ಆದ್ದರಿಂದ ಇಂಥ ಆಟಗಳಲ್ಲಿ ಸಮುದ್ರಕ್ಕೆ ಒಂದು ಅಳತೆ, ಹಡಗಿಗೆ ಇನ್ನೊಂದು ಅಳತೆ ಇರುವುದು ಸಾಮಾನ್ಯ. ಹಡಗಿನ ನಡುಬಿಂದುವನ್ನೇ ಅದರ ನಿಜವಾದ ಸ್ಥಾನವೆಂದು ಎಣಿಸಿ ಅಳೆದರೆ ತೊಂದರೆಯಿಲ್ಲ. ಕಿಟಕಿ, ಏಣಿ, ಹಗ್ಗ ಮೊದಲಾದ ಸೂಕ್ಷ್ಮಗಳನ್ನು ಕೈಬಿಡಬಹುದು. ಯಾವ ಹಡಗು, ಎಲ್ಲಿದೆ, ಮುಖ ಎತ್ತ ಮಾಡಿದೆ ಎಂಬ ಮೂರು ವಿಷಯಗಳಲ್ಲಿ ಮಾತ್ರ ಮಾದರಿಯು ಸುಳ್ಳು ಹೇಳಬಾರದು.

ಆ ಮೂರು ವಿಷಯಗಳಿಂದಲೇ ದೊಡ್ಡದೊಂದು ಸತ್ಯ ಹೊರಬಿದ್ದಿತು. ಯು-ಬೋಟುಗಳು ಹಡಗುಗುಂಪಿನ ಹೊರಗೆ ದೂರದಲ್ಲಿ ನಿಂತು ಟಾರ್ಪೆಡೊ ಬಿಡುತ್ತವೆಂದು ಅಧಿಕಾರಿಗಳು ನಂಬಿದ್ದರು. ಆದ್ದರಿಂದ ಹಡಗೊಂದು ಸಿಡಿದೊಡನೆ ಬೆಂಗಾವಲು ನೌಕೆಗಳು ಹೊರಕ್ಕೆ ಧಾವಿಸಿ ಹುಡುಕುತ್ತಿದ್ದವು. ಆದರೆ ಗುಂಪಿನ ಒಳಸಾಲಿನ ಹಡಗುಗಳೂ ಮುಳುಗುತ್ತಿದ್ದವಲ್ಲ? ಹೊರಗಿನಿಂದ ಬಿಟ್ಟ ಟಾರ್ಪೆಡೊ ಅಷ್ಟು ದೂರ ಹೇಗೆ ಮುಟ್ಟಿತು? ರಾಬರ್ಟ್ಸನು ತರುಣಿಯರೊಡನೆ ಒಂದು ನಡೆದುಹೋದ ಕಾಳಗವನ್ನು ನೆಲದ ಮೇಲೆ ಮತ್ತೆ ಹೂಡಿದನು. ಯು-ಬೋಟನ್ನು ಹೊರಗೆ ಎಲ್ಲಿಟ್ಟರೂ ಲೆಕ್ಕ ಕೂಡಲಿಲ್ಲ. ಅದನ್ನು ಗುಂಪಿನ ಹಿಂಬದಿಯಿಂದ, ಇರುಳಿನಲ್ಲಿ, ನೀರಿನ ಮೇಲೆಯೇ ತೇಲುತ್ತ ಬಂದು ಸಾಲುಗಳ ನಡುವೆ ನುಸುಳುವಂತೆ ಇಟ್ಟಾಗ ಎಲ್ಲವೂ ಸರಿಹೊಂದಿತು. ಟಾರ್ಪೆಡೊ ಬಿಟ್ಟ ಮೇಲೆ ಅದು ನೀರಿನಲ್ಲಿ ಮುಳುಗಿ, ಹಡಗುಗಳು ತನ್ನ ತಲೆಯ ಮೇಲೆ ಹಾದು ಮುಂದೆ ಹೋಗುವವರೆಗೆ ಕಾದು, ಹಿಂದಿನಿಂದ ಜಾರಿಕೊಳ್ಳುತ್ತಿತ್ತು. ಬೆಂಗಾವಲಿನವರು ಹೊರಗೆಲ್ಲ ಹುಡುಕುತ್ತಿದ್ದಾಗ ಕಳ್ಳ ಅಂಗಳದಲ್ಲಿಯೇ ಇದ್ದನು.

ಇದಕ್ಕೆ ತಕ್ಕ ಪ್ರತಿತಂತ್ರವೂ ಆ ನೆಲದ ಮೇಲೆಯೇ ರೂಪುಗೊಂಡಿತು. ಹಡಗು ಸಿಡಿದೊಡನೆ ಬೆಂಗಾವಲಿನ ನೌಕೆಗಳು ಗುಂಪಿನ ಹಿಂಬದಿಯ ನೀರನ್ನು ಕ್ರಮವಾಗಿ ಜಾಲಾಡಬೇಕು. ಶಬ್ದದ ಅಲೆಗಳನ್ನು ಕಳುಹಿಸಿ ಮರುದನಿ ಕೇಳುವ ಯಂತ್ರದಿಂದ ಅಡಗಿದ ನೌಕೆಯನ್ನು ಪತ್ತೆಹಚ್ಚಬೇಕು. ಈ ತಂತ್ರಕ್ಕೆ ‘ರಾಸ್ಬೆರಿ’ ಎಂಬ ಹೆಸರನ್ನು ಸೂಚಿಸಿದವಳು ಜೀನ್ ಲೇಯ್ಡ್‌ಲಾ ಎಂಬ ತರುಣಿ. ರಾಸ್ಬೆರಿ ಒಂದು ಹಣ್ಣು. ನಾಲಗೆ ಚಾಚಿ ತುಟಿಗಳಿಂದ ಊದಿ ಹೊರಡಿಸುವ ಅಣಕದ ಸದ್ದಿಗೂ ಇಂಗ್ಲಿಷಿನ ಆಡುಮಾತಿನಲ್ಲಿ ಅದೇ ಹೆಸರು. ಹಿಟ್ಲರನಿಗೆ ಇಂಥದೊಂದು ಸದ್ದು ಕೇಳಲಿ ಎಂಬುದು ಅವಳ ವಿನೋದ. ಆರಂಭದಲ್ಲಿ ಸಂದೇಹಪಟ್ಟಿದ್ದ ಅಡ್ಮಿರಲ್ ಪರ್ಸಿ ನೋಬಲ್ ಆ ಪ್ರದರ್ಶನವನ್ನು ಕಣ್ಣಾರೆ ಕಂಡು ಮನಸ್ಸು ಬದಲಿಸಿದನು. ತಂತ್ರವು ಅಟ್ಲಾಂಟಿಕ್‌ನ ಬೆಂಗಾವಲು ನೌಕೆಗಳಿಗೆ ತಲುಪಿತು.

೧೯೪೨ರ ಕೊನೆಯಲ್ಲಿ ನೋಬಲ್‌ನ ಸ್ಥಾನಕ್ಕೆ ಬಂದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸ್ವತಃ ಪ್ರಸಿದ್ಧನಾದ ಜಲಾಂತರ್ಗಾಮಿ ನಾಯಕ. ಅವನು ಒಮ್ಮೆ ಆಟದಲ್ಲಿ ಯು-ಬೋಟಿನ ಪಾತ್ರ ವಹಿಸಿದನೆಂದೂ, ಪರದೆಯ ಆಚೆಯಿದ್ದ ಎದುರಾಳಿ ಅವನನ್ನು ಐದು ಬಾರಿಯೂ ಮುಳುಗಿಸಿದನೆಂದೂ, ಪರದೆ ಸರಿದಾಗ ಅಲ್ಲಿ ನಿಂತಿದ್ದವಳು ಜಾನೆಟ್ ಓಕೆಲ್ ಎಂಬ ಎಳೆಯ ಹುಡುಗಿಯೆಂದೂ ಒಂದು ಕಥೆ ಬಳಕೆಯಲ್ಲಿದೆ. ಅಡ್ಮಿರಲನ ಮುಖದಲ್ಲಿ ಆಗ ಮೂಡಿದ ಭಾವವನ್ನು ವಾಚಕರು ಊಹಿಸಿಕೊಳ್ಳಬಹುದು!

ಯುದ್ಧ ಮುಗಿಯುವವರೆಗೆ ಸುಮಾರು ೫,೦೦೦ ಅಧಿಕಾರಿಗಳು ಈ ಕೋಣೆಯಲ್ಲಿ ಪಾಠ ಕಲಿತು ಕಡಲಿಗೆ ಮರಳಿದರು. ೧೯೪೩ರ ಮೇ ತಿಂಗಳೊಂದರಲ್ಲಿಯೇ ಜರ್ಮನಿಯು ೪೧ ಯು-ಬೋಟುಗಳನ್ನು ಕಳೆದುಕೊಂಡಿತು. ಆ ತಿಂಗಳ ಕೊನೆಯ ವಾರದಲ್ಲಿ ಅವುಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಈ ಗೆಲುವು ಮರದ ಹಡಗುಗಳೊಂದರಿಂದಲೇ ಆದದ್ದೆಂದರೆ ಅತಿಶಯೋಕ್ತಿಯಾದೀತು. ದೂರ ಹಾರಬಲ್ಲ ವಿಮಾನ, ರಾಡಾರ್, ಶತ್ರುವಿನ ಗುಪ್ತಲಿಪಿಯನ್ನು ಬಿಡಿಸಿದ ವಿದ್ವಾಂಸರ ಬುದ್ಧಿ, ಎಲ್ಲವೂ ಅದಕ್ಕೆ ಕಾರಣ. ಆದರೆ ಆ ಸಾಧನಗಳನ್ನು ಹಿಡಿದ ಕೈಗಳಿಗೆ ಎಲ್ಲಿ ಹುಡುಕಬೇಕೆಂಬ ಅರಿವನ್ನು ಕೊಟ್ಟದ್ದು ಡರ್ಬಿ ಹೌಸಿನ ನೆಲ.

ಈ ವಿದ್ಯೆಗೆ ಹಳೆಯ ವಂಶಾವಳಿಯೇ ಇದೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿದ್ದ ಜಾನ್ ಕ್ಲಾರ್ಕ್ ಎಂಬ ವರ್ತಕ ನಾವಿಕನಲ್ಲ. ಆದರೂ ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಜೋಡಿಸಿ, ಸರಿಸಿ, ಆಲೋಚಿಸಿ, ೧೭೮೨ರಲ್ಲಿ ನೌಕಾತಂತ್ರದ ಗ್ರಂಥವೊಂದನ್ನು ಹೊರತಂದನು. ಯಾವ ಮೇಜಾದರೂ ಅವನಿಗೆ ಸಾಕಷ್ಟು ಸಮುದ್ರವಾಗಿತ್ತು. ೧೮೯೮ರಲ್ಲಿ ಫ್ರೆಡ್ ಜೇನ್ ಎಂಬ ಇಂಗ್ಲಿಷ್ ಬರಹಗಾರ ಜಗತ್ತಿನ ಸಮರನೌಕೆಗಳ ಕೋಶವನ್ನು ಪ್ರಕಟಿಸಿದ ವರ್ಷವೇ ನೌಕಾಯುದ್ಧದ ಆಟವೊಂದನ್ನೂ ಬಳಕೆಗೆ ತಂದನು. ಮೊಳೆ ಕಟ್ಟಿದ ಹಲಗೆಯಿಂದ ಶತ್ರುನೌಕೆಯ ಚಿತ್ರವನ್ನು ಚುಚ್ಚುವುದು ಅದರಲ್ಲಿ ಗುಂಡು ಹಾರಿಸುವ ಕ್ರಮ. ೧೯೩೦ರ ದಶಕದಲ್ಲಿ ನ್ಯೂಯಾರ್ಕಿನ ಲೇಖಕ ಫ್ಲೆಚರ್ ಪ್ರ್ಯಾಟ್ ತನ್ನ ಮನೆಯ ನೆಲದ ಮೇಲೆ ಮರದ ನೌಕೆಗಳನ್ನಿಟ್ಟು ಗೆಳೆಯರೊಡನೆ ಆಡುತ್ತಿದ್ದನು. ಹೆಂಗಸರೂ ಆಟದಲ್ಲಿ ಸೇರುತ್ತಿದ್ದರು. ಗುರಿಯ ದೂರವನ್ನು ಕಣ್ಣಳತೆಯಿಂದ ಊಹಿಸಿ ಬರೆಯಬೇಕು; ಆಮೇಲೆ ಮಧ್ಯಸ್ಥನು ಟೇಪು ಹಿಡಿದು ಅಳೆಯುತ್ತಾನೆ. ಇಂಥ ಆಟದಲ್ಲಿ ಹಡಗಿನ ಉದ್ದ ತಪ್ಪಿದರೆ ಕಣ್ಣೂ ಮೋಸಹೋಗುತ್ತದೆ.

ಇಂದಿಗೂ ಈ ಹವ್ಯಾಸವುಳ್ಳವರು ತಮ್ಮ ನೌಕೆಗಳನ್ನು ತಾವೇ ಕೆತ್ತುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲೊಂದು ೧,೨೦೦ರಲ್ಲಿ ಒಂದು ಪಾಲು, ಎಂದರೆ ಅಂಗುಲಕ್ಕೆ ನೂರು ಅಡಿ. ನೀರಿನ ಮೇಲೆ ಕಾಣುವ ಭಾಗವನ್ನು ಮಾತ್ರ ಮಾಡುವುದರಿಂದ ತಳವು ಚಪ್ಪಟೆಯಾಗಿ, ಹಡಗು ಮೇಜಿನ ಮೇಲೆ ಸ್ಥಿರವಾಗಿ ಕೂರುತ್ತದೆ. ಮೆದುವಾದ ಮರವೇ ಉತ್ತಮ: ಪರದೇಶದವರು ಬಾಲ್ಸಾ ಮರವನ್ನು ಆರಿಸುತ್ತಾರೆ, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವೂ ಆದೀತು. ಹಡಗಿನ ಮೇಲ್ನೋಟವನ್ನು ಮರದ ಪಟ್ಟಿಯ ಮೇಲೆ ಬರೆದು, ಕತ್ತರಿಸಿ, ಮುಂತುದಿಯನ್ನು ಚೂಪಾಗಿಯೂ ಹಿಂತುದಿಯನ್ನು ದುಂಡಾಗಿಯೂ ಉಪ್ಪುಕಾಗದದಿಂದ ತಿದ್ದಬೇಕು. ಮೇಲಿನ ಕಟ್ಟಡಗಳಿಗೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಬಹುದು. ದುಂಡನೆಯ ಕಡ್ಡಿಯ ಚೂರು ಹೊಗೆಕೊಳವೆಯಾಗುತ್ತದೆ, ಗುಂಡುಸೂಜಿ ಕೂವೆಮರವಾಗುತ್ತದೆ, ಸಣ್ಣ ತಂತಿಯ ತುಂಡುಗಳು ಫಿರಂಗಿಗಳಾಗುತ್ತವೆ. ಹೊಗೆಕೊಳವೆಗಳು ಎಷ್ಟು, ಫಿರಂಗಿ ಗೋಪುರಗಳು ಎಲ್ಲೆಲ್ಲಿ ಎಂಬಷ್ಟನ್ನು ಸರಿಯಾಗಿ ತೋರಿಸಿದರೆ ಮೂರಡಿ ದೂರದಿಂದ ನೋಡಿದವರು ಹಡಗನ್ನು ಗುರುತಿಸುತ್ತಾರೆ.

ಬಣ್ಣ ಹಚ್ಚುವುದರಲ್ಲಿಯೂ ಸರಳತೆಯೇ ಮೇಲು. ಹೊಳಪಿನ ಬಣ್ಣ ಹಚ್ಚಿದರೆ ನೌಕೆ ಆಟಿಕೆಯಂತೆ ಮಿನುಗುತ್ತದೆ. ಮಂದ ಬಣ್ಣವೇ ಬೇಕು. ನಿಜವಾದ ಹಡಗಿನ ಬೂದುಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸುವುದು ಬಲ್ಲವರ ವಾಡಿಕೆ. ದೂರದ ವಸ್ತು ಕಣ್ಣಿಗೆ ತೆಳ್ಳಗೆ ಕಾಣುವುದಷ್ಟೆ. ಅಂಗೈಯ ಮೇಲಿನ ಹಡಗು ಮೈಲಿ ದೂರದ ಹಡಗಿನಂತೆ ಕಾಣಬೇಕಾದರೆ ಅದರ ಬಣ್ಣವೂ ತೆಳುವಾಗಬೇಕು. ಒಣಗಿದ ಮೇಲೆ ನೀರಾದ ಕಪ್ಪು ಬಣ್ಣವನ್ನು ಹಾಯಿಸಿದರೆ ಮೂಲೆಗಳಲ್ಲಿ ನೆರಳು ನಿಂತು ಆಕಾರ ಎದ್ದು ಕಾಣುತ್ತದೆ. ಅಟ್ಲಾಂಟಿಕ್‌ನ ಬೆಂಗಾವಲು ನೌಕೆಯಾದರೆ ಬಿಳಿಯ ಮೈ, ಅದರ ಮೇಲೆ ತಿಳಿನೀಲಿ, ತಿಳಿಹಸುರಿನ ಪಟ್ಟೆಗಳು. ಇದು ಪ್ರಕೃತಿಪ್ರೇಮಿ ಚಿತ್ರಕಾರ ಪೀಟರ್ ಸ್ಕಾಟ್ ಯುದ್ಧಕಾಲದಲ್ಲಿ ರೂಪಿಸಿದ ವರ್ಣಕ್ರಮ. ನೀರಿಗೆ ಸಮೀಪವಾಗಿ ತೇಲುವ ಯು-ಬೋಟಿನಿಂದ ನೋಡುವವನಿಗೆ ಹಡಗು ಆಕಾಶದ ಹಿನ್ನೆಲೆಯಲ್ಲಿ ಕಾಣುತ್ತದೆ. ಮೋಡ ಕವಿದ ಇರುಳಿನ ಆ ಆಕಾಶದಲ್ಲಿ ಬಿಳಿಯ ನೌಕೆ ಕರಗಿ ಹೋಗುತ್ತದೆ ಎಂಬುದು ಅವನ ತರ್ಕ. ಕುಂಚ ಹಿಡಿದ ಹವ್ಯಾಸಿಗೆ ಇದು ಅಲಂಕಾರ; ಅಂದಿನ ನಾವಿಕನಿಗೆ ಇದು ಪ್ರಾಣರಕ್ಷೆ.

ಡರ್ಬಿ ಹೌಸಿನಿಂದ ಮತ್ತೆ ನದಿಗೆ ಬಂದರೆ ಆಚೆಯ ದಡದಲ್ಲಿ ಬರ್ಕನ್‌ಹೆಡ್ ಪಟ್ಟಣ, ಅಲ್ಲಿ ಕ್ಯಾಮಲ್ ಲೇರ್ಡ್ ನೌಕಾಗಾರ. ಕನ್ನಡಿಗನು ಅಲ್ಲಿ ಒಂದು ಗಳಿಗೆ ನಿಲ್ಲಲು ಕಾರಣವಿದೆ. ೧೯೩೯ರಲ್ಲಿ ನ್ಯೂಕಾಸಲ್‌ನಲ್ಲಿ ನೀರಿಗಿಳಿದ ‘ನೈಜೀರಿಯ’ ಎಂಬ ಕ್ರೂಸರ್ ನೌಕೆಯು ಯುದ್ಧದಲ್ಲಿ ಹಡಗುಗುಂಪುಗಳಿಗೆ ಬೆಂಗಾವಲಾಗಿ ದುಡಿಯಿತು. ೧೯೪೨ರ ಆಗಸ್ಟ್ ೧೨ರಂದು ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ಒಯ್ಯುತ್ತಿದ್ದ ಹಡಗುಗಳ ಜೊತೆಗಿದ್ದಾಗ ಇಟಲಿಯ ಜಲಾಂತರ್ಗಾಮಿ ‘ಆಕ್ಸುಮ್’ ಅದರ ಮೇಲೆ ಟಾರ್ಪೆಡೊ ಬಿಟ್ಟಿತು. ಸುಮಾರು ೫೦ ಮಂದಿ ಸತ್ತರು. ನೌಕೆ ಕುಂಟುತ್ತ ಜಿಬ್ರಾಲ್ಟರ್ ಸೇರಿತು. ಅದೇ ನೌಕೆಯನ್ನು ೧೯೫೪ರಲ್ಲಿ ಭಾರತ ಕೊಂಡುಕೊಂಡಿತು. ಬರ್ಕನ್‌ಹೆಡ್‌ನಲ್ಲಿ ಅದಕ್ಕೆ ಹೊಸ ರೂಪು ಕೊಟ್ಟ ಮೇಲೆ, ೧೯೫೭ರ ಆಗಸ್ಟ್ ೨೯ರಂದು, ಮರ್ಸಿ ನದಿಯ ದಡದಲ್ಲಿ, ಅದು ‘ಐಎನ್‌ಎಸ್ ಮೈಸೂರು’ ಎಂಬ ಹೆಸರನ್ನು ಪಡೆಯಿತು. ಮೈಸೂರಿನ ಗಂಡಭೇರುಂಡವೇ ಅದರ ಲಾಂಛನ. ೧೯೭೧ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿದ್ದು, ೧೯೮೫ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು.

ಮೈಸೂರು ನೌಕೆಯ ಉದ್ದ ೫೫೫ ಅಡಿ, ಅಗಲ ೬೨ ಅಡಿ. ಅಂಗುಲಕ್ಕೆ ನೂರು ಅಡಿಯಂತೆ ಅದು ಐದೂವರೆ ಅಂಗುಲದ ಒಂದು ಮರದ ಪಟ್ಟಿಯಲ್ಲಿ ಅಡಗುತ್ತದೆ. ಎರಡು ಹೊಗೆಕೊಳವೆಗಳು, ಮುಂದೆ ಎರಡು, ಹಿಂದೆ ಒಂದು ಫಿರಂಗಿ ಗೋಪುರ, ಪ್ರತಿ ಗೋಪುರದಲ್ಲೂ ಮೂರು ಫಿರಂಗಿ. ಮಕ್ಕಳು ತಂದೆಯ ನೆರವಿನಿಂದ ಒಂದೆರಡು ಭಾನುವಾರಗಳಲ್ಲಿ ಅದನ್ನು ಮಾಡಿ ಮುಗಿಸಬಹುದು, ದಸರೆಯ ಬೊಂಬೆಗಳ ಸಾಲಿನಲ್ಲಿ ಇಟ್ಟು ನೆಂಟರಿಗೆ ತೋರಿಸಲೂಬಹುದು.

ಆಟಕ್ಕೆ ಇಳಿಸಿದಾಗ ಮಾತ್ರ ಒಂದು ಸಂಗತಿಯನ್ನು ನೆನೆಯುವುದು ಒಳ್ಳೆಯದು. ಹಡಗು ಮುಳುಗಿತೆಂದು ತೀರ್ಪಾದಾಗ ಆಡುವವನು ಅದನ್ನು ನೆಲದಿಂದ ಎತ್ತಿ ಪೆಟ್ಟಿಗೆಗೆ ಹಾಕುತ್ತಾನೆ. ಮರುದಿನ ಮತ್ತೆ ತೆಗೆದಿಡುತ್ತಾನೆ. ಲಿವರ್‌ಪೂಲಿನ ಆ ಕೋಣೆಯಲ್ಲಿಯೂ ಹಾಗೆಯೇ ಎತ್ತುತ್ತಿದ್ದರು. ಆದರೆ ಪರದೆಯ ಹಿಂದೆ ನಿಂತ ಅಧಿಕಾರಿಗಳು, ಎತ್ತಲಾದ ಒಂದೊಂದು ಮರದ ತುಂಡಿನಲ್ಲಿಯೂ ಎಷ್ಟು ಮಂದಿ ಇದ್ದಾರೆಂಬುದನ್ನು ಬಲ್ಲವರು. ವಾರದ ಪಾಠ ಮುಗಿಸಿಕೊಂಡು ಅವರು ಮೆಟ್ಟಿಲಿಳಿದು, ನೆಲ್ಸನ್ನನ ಸ್ಮಾರಕವನ್ನು ದಾಟಿ, ನದಿಯಲ್ಲಿ ಕಾದಿದ್ದ ತಮ್ಮ ತಮ್ಮ ಹಡಗುಗಳಿಗೆ ನಡೆಯುತ್ತಿದ್ದರು.